ಬಾರದ ಹಡಗಿನ ಭಾರ

1791ರಲ್ಲಿ ಒಬ್ಬ ಅಣ್ಣನೂ ಒಬ್ಬ ತಮ್ಮನೂ ಸೇರಿ ಟಿಪ್ಪುವಿನ ಮೈಸೂರು ರಾಜ್ಯವನ್ನು ಎರಡು ಕಡೆಯಿಂದ ಬಿಗಿದರು. ಅಣ್ಣ ಚಾರ್ಲ್ಸ್ ಕಾರ್ನ್‌ವಾಲಿಸ್, ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್. ಆ ವರ್ಷದ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದವನು. ತಮ್ಮ ವಿಲಿಯಂ, ನೌಕಾಪಡೆಯ ಕಮೊಡೋರ್. ತಲಶ್ಶೇರಿಯಲ್ಲಿ ಲಂಗರು ಹಾಕಿಕೊಂಡು ಮಂಗಳೂರಿನ ಕಡೆ ಹೋಗುವ ಹಡಗುಗಳನ್ನು ನಿಲ್ಲಿಸಿ ಶೋಧಿಸುತ್ತಿದ್ದವನು. ಅಣ್ಣನ ಕೆಲಸಕ್ಕೆ ಗುರುತು ಉಳಿದಿದೆ. ಕೃಷ್ಣರಾಜ ಮಾರುಕಟ್ಟೆಯ ಗದ್ದಲದ ಪಕ್ಕದಲ್ಲಿ ಅಳಿದುಳಿದಿರುವ ಕೋಟೆಗೋಡೆಯಲ್ಲಿ, ಅಂದು ಸೈನ್ಯ ಒಳನುಗ್ಗಿದ ಜಾಗ ಇದು ಎಂದು ಹೇಳುವ ಕಲ್ಲುಫಲಕವನ್ನು ಇಂದಿಗೂ ನೋಡಬಹುದು. ತಮ್ಮನ ಕೆಲಸಕ್ಕೆ ಗುರುತು ಎಲ್ಲಿಂದ ಬರಬೇಕು? ಏನೋ ಒಂದು ಬಾರದಂತೆ ನೋಡಿಕೊಳ್ಳುವುದೇ ಅವನ ಕೆಲಸವಾಗಿತ್ತು. ಬಾರದೆ ಹೋದದ್ದಕ್ಕೆ ಯಾರೂ ಕಲ್ಲು ನೆಡಿಸುವುದಿಲ್ಲ.

ಆ ವರ್ಷದ ನವೆಂಬರ್ 18ರಂದು ಫ್ರೆಂಚರ ಮಾಹೆಯಿಂದ ಹೊರಟ ಹಡಗುಗಳ ಒಂದು ಸಣ್ಣ ತಂಡ ತಲಶ್ಶೇರಿಯ ಮುಂದೆ ಹಾದುಹೋಗುತ್ತಿತ್ತು. ಸರಕಿನ ಹಡಗುಗಳು, ಅವುಗಳ ಕಾವಲಿಗೆ ‘ರೆಜೊಲ್ಯೂ’ ಎಂಬ ಯುದ್ಧನೌಕೆ. ಆಗ ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧವಿರಲಿಲ್ಲ. ಆದರೂ ‘ಫೀನಿಕ್ಸ್’ ಹಡಗಿನ ಕಪ್ತಾನ ರಿಚರ್ಡ್ ಸ್ಟ್ರಾಚನ್ ಶೋಧನೆಗೆಂದು ಬೆನ್ನುಹತ್ತಿ ಬಂದ. ಮಾತಾಯಿತು, ಮಾತು ಮುರಿಯಿತು, ಫಿರಂಗಿ ಹಾರಿತು. ಇಪ್ಪತ್ತು ನಿಮಿಷದೊಳಗೆ ಫ್ರೆಂಚರ ಬಾವುಟ ಇಳಿಯಿತು. ಎರಡೂ ಕಡೆ ಜನ ಸತ್ತರು. ಆಮೇಲೆ ಸರಕಿನ ಹಡಗುಗಳನ್ನು ಹತ್ತಿ ಜಾಲಾಡಿದರೆ, ಯಾವ ನಿಷಿದ್ಧ ಸರಕೂ ಸಿಗಲಿಲ್ಲ. ಹಿಡಿದ ಹಡಗುಗಳನ್ನೆಲ್ಲ ಕೊನೆಗೆ ಮಾಹೆಯ ಅಧಿಕಾರಿಗಳಿಗೇ ಒಪ್ಪಿಸಬೇಕಾಯಿತು.

ಇದನ್ನು ಓದಿದಾಗಲೆಲ್ಲ ನಾನು ಶ್ರೀರಂಗಪಟ್ಟಣದ ಕಡೆಯಿಂದ ಯೋಚಿಸಲು ನೋಡುತ್ತೇನೆ. ಕಡಲತೀರದಿಂದ ಘಟ್ಟ ಹತ್ತಿ ಬಂದ ಸುದ್ದಿ ಏನಿದ್ದೀತು? ‘ಮಂಗಳೂರಿಗೆ ಬರುತ್ತಿದ್ದ ಫ್ರೆಂಚರ ಹಡಗುಗಳನ್ನು ಇಂಗ್ಲಿಷರು ತಡೆದರಂತೆ.’ ಕೇಳಿದವರು ಆ ಹಡಗುಗಳಲ್ಲಿ ಏನೇನು ತುಂಬಿಕೊಂಡಿರಬಹುದು! ಬಂದೂಕು, ಮದ್ದು, ಎಂಜಿನಿಯರುಗಳು, ಒಂದು ಪಲ್ಟನ್ನೇ ಏಕಾಗಬಾರದು. ಬಂದರು ಮುಟ್ಟಿದ ಹಡಗಿನಲ್ಲಿ ಎಷ್ಟು ಮೂಟೆ ಇದೆಯೆಂದು ಎಣಿಸಬಹುದು. ತಡೆದ ಹಡಗಿನಲ್ಲಿ ಕಾಯುವವನ ಅಗತ್ಯವೆಷ್ಟೋ ಅಷ್ಟೂ ಸರಕು ಇರುತ್ತದೆ. ಕೆಲವು ವರ್ಷಗಳಿಂದ ಈ ವಿಚಾರ ನನ್ನನ್ನು ಬಿಡದೆ ಕಾಡುತ್ತಿದೆ. ಅದಕ್ಕೆ ಕಾರಣ ಚರಿತ್ರೆಯ ಮೇಲಿನ ಪ್ರೀತಿಯೊಂದೇ ಅಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಕಡಲ ದಿಗ್ಬಂಧನವೆಂದರೆ ಫಿರಂಗಿಗಳ ಆರ್ಭಟವೆಂದು ತಿಳಿದಿದ್ದವನಿಗೆ, ಅದು ಬಹುಪಾಲು ಬೇಸರದ ಕೆಲಸವೆಂಬುದು ಓದುತ್ತ ಓದುತ್ತ ಗೊತ್ತಾಯಿತು. ಇದೇ ವಿಲಿಯಂ ಕಾರ್ನ್‌ವಾಲಿಸ್ ಹತ್ತು ವರ್ಷಗಳ ನಂತರ, ನೆಪೋಲಿಯನ್ನನ ಕಾಲದಲ್ಲಿ, ಫ್ರಾನ್ಸಿನ ಬ್ರೆಸ್ಟ್ ಬಂದರಿನ ಮುಂದೆ ಕಾವಲು ನಿಂತ. ಒಳಗಿನ ಹಡಗುಗಳು ಹೊರಗೆ ಬರಬಾರದು, ಅಷ್ಟೇ. ಬಿರುಗಾಳಿ ಎದ್ದಾಗ ದೂರ ಸರಿಯುವುದು, ತಗ್ಗಿದಾಗ ಮರಳಿ ಬಂದು ನಿಲ್ಲುವುದು. ದೊಡ್ಡ ಹಡಗುಗಳು ನಿಂತಿರುತ್ತಿದ್ದವು, ಅಷ್ಟೆ. ದಡದ ಹತ್ತಿರ ಹೋಗಿ ಇಣುಕಿ ನೋಡುವ, ಅನ್ಯರ ಹಡಗಿನ ಹೊಟ್ಟೆಯೊಳಗೆ ಇಳಿದು ಹುಡುಕುವ, ರಾತ್ರಿ ನುಗ್ಗಿ ಲಂಗರು ಹಾಕಿದ ನೌಕೆಯನ್ನೇ ಎಳೆದು ತರುವ ಕೆಲಸವೆಲ್ಲ ಹುಟ್ಟು ಹಾಕುವ ಸಣ್ಣ ದೋಣಿಗಳದ್ದು. 1801ರ ಜುಲೈ ತಿಂಗಳ ಒಂದು ರಾತ್ರಿ ಬ್ರೆಸ್ಟ್ ಸಮೀಪದ ಕಮಾರೆ ಕೊಲ್ಲಿಯಿಂದ ‘ಶೆವ್ರೆತ್’ ಎಂಬ ಫ್ರೆಂಚ್ ನೌಕೆಯನ್ನು ಕಾರ್ನ್‌ವಾಲಿಸನ ದೋಣಿಯವರು ಹೀಗೆಯೇ ಕಾದಾಡಿ ಏರಿ, ಹಾಯಿ ಬಿಚ್ಚಿ ಹೊರಗೆ ತಂದರು. ಇಂಥ ದಾಳಿಗಳಿಗೆ ಜನ ತಾವಾಗಿ ಮುಂದೆ ಬರುತ್ತಿದ್ದರಂತೆ. ಚರಿತ್ರೆಕಾರರು ಅದನ್ನು ಧೈರ್ಯವೆನ್ನುತ್ತಾರೆ. ಇರಬಹುದು, ಆದರೆ ಅರ್ಧವಾದರೂ ಕಾಯಲಾರದ ಸಂಕಟವಿರಬೇಕೆಂದು ನನ್ನ ಊಹೆ.

ತಡೆಯುವವನು ಸ್ವತಂತ್ರ, ತಡೆಸಿಕೊಂಡವನು ಬಂದಿ ಎಂಬುದೂ ಅಷ್ಟು ಸರಳವಾಗಿಲ್ಲ. ಕಾಲಿಂಗ್‌ವುಡ್ ಎಂಬ ಅಡ್ಮಿರಲ್ ಇದ್ದ. ಟ್ರಫಾಲ್ಗರಿನಲ್ಲಿ ನೆಲ್ಸನ್ ಸತ್ತ ಮೇಲೆ ನೌಕಾಪಡೆಯನ್ನು ನಡೆಸಿದವನು. 1803ರಲ್ಲಿ ಮನೆ ಬಿಟ್ಟು ಹಡಗೇರಿದ ಅವನಿಗೆ, ಅಷ್ಟು ದೊಡ್ಡ ಗೆಲುವಿನ ನಂತರವೂ ಹೆಂಡತಿ ಮಕ್ಕಳ ಮುಖ ನೋಡಲು ಬಿಡುವು ಸಿಗಲಿಲ್ಲ. ಮೆಡಿಟರೇನಿಯನ್ ಕಡಲಿನಲ್ಲಿ ಫ್ರೆಂಚರ ತುಲೋನ್ ಬಂದರನ್ನು ಕಾಯುತ್ತಲೇ ಮುದುಕನಾದ. 1810ರ ಮಾರ್ಚ್‌ನಲ್ಲಿ, ಕೊನೆಗೂ ಊರಿನ ಕಡೆ ಮುಖ ಮಾಡಿದ ಹಡಗಿನಲ್ಲಿ, ಪ್ರಾಣ ಬಿಟ್ಟ. ಯಾರನ್ನು ಯಾರು ಕಟ್ಟಿಹಾಕಿದ್ದರು?

ಇನ್ನು ನನ್ನ ವಿಷಯ. 2020ರ ಮಳೆಗಾಲದಲ್ಲಿ ಹಲಸೂರಿನ ನಮ್ಮ ಗಲ್ಲಿಯ ಎರಡೂ ಬಾಯಿಗೆ ಬಿದಿರು ಕಟ್ಟಿ ತಗಡು ಬಡಿದರು. ಸೋಮೇಶ್ವರನ ಗುಡಿಗೆ ಕೂಗಿದರೆ ಕೇಳುವಷ್ಟು ಹತ್ತಿರದ ಗಲ್ಲಿ ಅದು. ಒಂದು ಮನೆಯಲ್ಲಿ ತಮಿಳು, ಇನ್ನೊಂದರಲ್ಲಿ ತೆಲುಗು, ಎದುರಿಗೆ ದಖ್ಖನಿ, ನಮ್ಮದು ಕನ್ನಡ. ‘ಸೀಲ್‌ಡೌನ್’ ಎಂಬ ಮಾತು ಆ ದಿನಗಳಲ್ಲಿ ಚಿಕ್ಕಮಕ್ಕಳ ಬಾಯಲ್ಲೂ ಆಡುತ್ತಿತ್ತು. ತಗಡಿನ ಆಚೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಒಬ್ಬ ಕಾನ್‌ಸ್ಟೇಬಲ್ ಕೂತಿರುತ್ತಿದ್ದರು. ಮಳೆ ಬಂದರೆ ಅವರಿಗೆ ಸೂರಿಲ್ಲ, ನಮಗಿತ್ತು. ಬೆಳಗ್ಗೆ ನಮ್ಮ ಕಡೆಯಿಂದ ಯಾರೋ ತಗಡಿನ ಸಂದಿಯಲ್ಲಿ ಕಾಫಿ ಲೋಟ ಚಾಚಿದರೆ ಅವರು ಒಂದು ಕ್ಷಣ ನಿಯಮವನ್ನೂ ಇನ್ನೊಂದು ಕ್ಷಣ ಕಾಫಿಯನ್ನೂ ನೋಡಿ, ಕಾಫಿಯ ಪಕ್ಷ ವಹಿಸುತ್ತಿದ್ದರು. ಕಾಲಿಂಗ್‌ವುಡ್ಡನ ಕತೆ ಓದಿದಾಗ ನನಗೆ ಕಂಡದ್ದು ಆ ಮುಖ.

ದಿಗ್ಬಂಧನವಿದ್ದ ಮೇಲೆ ಸಣ್ಣ ದೋಣಿಯೂ ಇರಲೇಬೇಕಲ್ಲ. ನಮ್ಮ ಗಲ್ಲಿಯದು ಹಿಂದಿನ ಸಾಲಿನ ಒಬ್ಬ ಹುಡುಗ. ತಾರಸಿಯಿಂದ ತಾರಸಿಗೆ ದಾಟಿ ಹಾಲು, ಕೊತ್ತಂಬರಿ, ಮಾತ್ರೆ, ಎಲೆ ಅಡಿಕೆ ತಂದು ಹಗ್ಗದಲ್ಲಿ ಇಳಿಬಿಡುತ್ತಿದ್ದ. ಅವನ ಬುಟ್ಟಿಗಿಂತ ಅವನ ಬಾಯಿಗೆ ಬೆಲೆ ಹೆಚ್ಚೆಂದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಪಕ್ಕದ ಮನೆಯ ಅಜ್ಜಿಯ ಯಜಮಾನರನ್ನು ಆಂಬುಲೆನ್ಸ್ ಕರೆದೊಯ್ದಿತ್ತು. ಆಸ್ಪತ್ರೆಯಿಂದ ಫೋನಿನಲ್ಲಿ ‘ಚೆನ್ನಾಗಿದ್ದಾರೆ’ ಎನ್ನುತ್ತಿದ್ದರು. ಆ ಮಾತು ಅಜ್ಜಿಯ ಕಿವಿಗೆ ಬೀಳುತ್ತಿತ್ತು, ಒಳಗಿಳಿಯುತ್ತಿರಲಿಲ್ಲ. ಹುಡುಗ ಯಾರನ್ನೋ ಹಿಡಿದು ವಾರ್ಡಿನ ಒಬ್ಬ ಆಯಾಳಿಂದ ಸುದ್ದಿ ತಂದ: ‘ಸಾಂಬಾರಲ್ಲಿ ಉಪ್ಪಿಲ್ಲ ಅಂತ ಎಲ್ರಿಗೂ ಬೈತಿದಾರಂತೆ ಅಜ್ಜಿ.’ ಅಜ್ಜಿ ಅಂದು ರಾತ್ರಿ ನಿದ್ದೆ ಮಾಡಿದರು. ‘ಬೈತಿದಾರೆ ಅಂದ್ಮೇಲೆ ಅವ್ರೇ’ ಎಂದರು.

ನಾನೂ ಒಬ್ಬರಿಗಾಗಿ ಕಾಯುತ್ತಿದ್ದೆ, ಅಣ್ಣನಿಗಾಗಿ. ಅಪ್ಪ ತೀರಿಕೊಂಡ ಮೇಲೆ ಹಲಸೂರಿನ ಈ ಮನೆಯ ಪಾಲಿನ ಮಾತು ಬಂದು, ಮಾತಿಗೆ ಮಾತು ಬೆಳೆದು, ನಮ್ಮಿಬ್ಬರ ನಡುವೆ ಬಳಕೆ ನಿಂತಿತ್ತು. ಅವನು ಕೆ.ಆರ್. ಪುರದಲ್ಲಿ ಮನೆ ಕಟ್ಟಿಕೊಂಡು ಹೋಗಿದ್ದ. ನಮ್ಮ ಊರಿನ ಪೂರ್ವದವರಿಗೆ ಅದು ದೂರವಲ್ಲ. ಇಂದಿರಾನಗರ ದಾಟಿ, ಹಳೇ ಮದ್ರಾಸ್ ರಸ್ತೆ ಹಿಡಿದು, ತೂಗುಸೇತುವೆ ಕಂಡರೆ ಊರು ಬಂತು. ಗಲ್ಲಿ ಮುಚ್ಚಿದ ಎರಡನೆಯ ದಿನವೋ ಮೂರನೆಯ ದಿನವೋ ಒಂದು ಯೋಚನೆ ನನ್ನೊಳಗೆ ಬಂದು ಕೂತಿತು: ತಗಡು ಇಲ್ಲದಿದ್ದರೆ ಅಣ್ಣ ಇಷ್ಟರಲ್ಲಿ ಬಂದಿರುತ್ತಿದ್ದ. ಊರಿಗೆ ಊರೇ ಹೆದರಿರುವಾಗ ತಮ್ಮನನ್ನು ನೋಡದೆ ಇರುವವನಲ್ಲ ಅವನು. ಬಂದು, ತಗಡಿನ ಹತ್ತಿರ ನಿಂತು, ಪೊಲೀಸರು ಬಿಡದೆ, ವಾಪಸು ಹೋಗಿರಲೂಬಹುದು. ಈ ಯೋಚನೆ ಎಷ್ಟು ಹಿತವಾಗಿತ್ತೆಂದರೆ, ಅದನ್ನು ದಿನಕ್ಕೊಂದು ಸಲ ತೆಗೆದು ನೋಡಿ ಒಳಗಿಡುತ್ತಿದ್ದೆ. ಅಣ್ಣ ಆ ದಿನಗಳಲ್ಲಿ ಇದ್ದಷ್ಟು ಒಳ್ಳೆಯವನಾಗಿ ಅದಕ್ಕೆ ಹಿಂದೆ ಎಂದೂ ಇರಲಿಲ್ಲ.

‘ಫೋನ್ ಇತ್ತಲ್ಲ ಸ್ವಾಮಿ’ ಎಂದು ಓದುವವರು ಕೇಳುತ್ತಾರೆ. ಇತ್ತು. ಜೇಬಿನಲ್ಲೇ ಇತ್ತು, ಅವನ ಜೇಬಿನಲ್ಲೂ ಇತ್ತು. ಅದಕ್ಕೂ ಒಂದು ಸಮಾಧಾನ ಹುಡುಕಿದ್ದೆ: ಅಣ್ಣನಿಗೆ ಮೊದಲಿನಿಂದಲೂ ಫೋನಿನಲ್ಲಿ ಮನಸ್ಸು ಬಿಚ್ಚಲು ಬಾರದು, ಎದುರು ಕೂತರೇ ಅವನಿಗೆ ಮಾತು. ಈಗ ಯೋಚಿಸಿದರೆ, ಬಿದಿರು ತಗಡಿನ ಬೇಲಿಯನ್ನು ಯಾರೋ ಕಟ್ಟಿದರು, ಅದರೊಳಗಿನ ಇನ್ನೊಂದು ಬೇಲಿಯನ್ನು ನಾನೇ ಕಟ್ಟಿಕೊಂಡೆ ಎಂದು ಕಾಣುತ್ತದೆ. ಆದರೆ ಹಾಗೆ ಹೇಳಿಬಿಟ್ಟರೆ ಎಲ್ಲವೂ ಮುಗಿದಂತೆ ಆಗುತ್ತದೆ, ಮುಗಿಯುವುದಿಲ್ಲ. ಆ ಎರಡನೆಯ ಬೇಲಿ ಏಕೆ ಬೇಕಾಯಿತು?

ಇಲ್ಲಿ ನನಗೆ ನೆರವಾದದ್ದು ಒಂದು ತಲುಪದ ಪತ್ರ. 1799ರ ಜನವರಿ ಕೊನೆಯಲ್ಲಿ ಕೈರೋದಿಂದ ನೆಪೋಲಿಯನ್ ಟಿಪ್ಪುವಿಗೆ ಪತ್ರ ಬರೆದ. ಲೆಕ್ಕವಿಲ್ಲದಷ್ಟು, ಸೋಲಿಲ್ಲದಷ್ಟು ದೊಡ್ಡ ಸೈನ್ಯದೊಡನೆ ತಾನು ಕೆಂಪು ಸಮುದ್ರದ ತೀರಕ್ಕೆ ಬಂದಿದ್ದೇನೆ, ನಿನ್ನನ್ನು ಇಂಗ್ಲಿಷರ ನೊಗದಿಂದ ಬಿಡಿಸುವ ತವಕವಿದೆ, ಮಸ್ಕತ್ ಮತ್ತು ಮೋಖಾದ ದಾರಿಯಲ್ಲಿ ನಂಬಿಕೆಯ ಒಬ್ಬನನ್ನು ಕಳಿಸು ಎಂಬುದು ಅದರ ಸಾರ. ಪತ್ರ ಕೆಂಪು ಸಮುದ್ರವನ್ನೇ ದಾಟಲಿಲ್ಲ. ಜಿದ್ದಾದ ಬಳಿ ಇಂಗ್ಲಿಷರ ಕಡೆಯವರ ಕೈಗೆ ಬಿತ್ತು. ಇದನ್ನು ಶಾಲೆಯಲ್ಲಿ ಮೊದಲು ಕೇಳಿದಾಗ, ನಮ್ಮ ಊರಿನ ಅನೇಕರಂತೆ ನಾನೂ ‘ಅಯ್ಯೋ, ತಲುಪಿದ್ದರೆ!’ ಎಂದುಕೊಂಡೆ. ಆ ‘ತಲುಪಿದ್ದರೆ’ಯನ್ನು ಹಿಡಿದು ನೋಡಿದವರು ಕಡಿಮೆ.

ಹಿಡಿದು ನೋಡೋಣ. ಪತ್ರ ಬರೆಯುವ ಹೊತ್ತಿಗೆ ನೆಪೋಲಿಯನ್ನನ ನೌಕಾಪಡೆ ಸುಟ್ಟು ಆರು ತಿಂಗಳಾಗಿತ್ತು. 1798ರ ಆಗಸ್ಟ್ 1ರಂದು ಅಬೂಕಿರ್ ಕೊಲ್ಲಿಯಲ್ಲಿ ನೆಲ್ಸನ್ ಅದನ್ನು ನಾಶಮಾಡಿದ್ದ. ಈಜಿಪ್ಟಿನಲ್ಲಿ ನೆಪೋಲಿಯನ್ ತಾನೇ ಸೆರೆಯಾದಂತೆ ಕೂತಿದ್ದ. ಅವನು ಹೇಳಿದ ಮಸ್ಕತ್ ದಾರಿಯೂ ಆಗಲೇ ಮುಚ್ಚಿತ್ತು: ಫ್ರೆಂಚರಿಗೆ ಎಡೆಗೊಡುವುದಿಲ್ಲವೆಂದು ಮಸ್ಕತ್ತಿನ ಸುಲ್ತಾನ ಹಿಂದಿನ ಅಕ್ಟೋಬರಿನಲ್ಲೇ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಿದ್ದ. ಮಂಗಳೂರಿನ ಅಕ್ಕಿ ಹೋಗುತ್ತಿದ್ದ, ಟಿಪ್ಪುವಿನದೇ ವ್ಯಾಪಾರದ ಕೋಠಿ ಇದ್ದ ಮಸ್ಕತ್ ಅದು. ಇಂಗ್ಲಿಷರ ಸೇನಾಪತಿ ಹ್ಯಾರಿಸನ ಸೈನ್ಯ ಫೆಬ್ರವರಿಯಲ್ಲಿ ವೆಲ್ಲೂರಿನಿಂದ ಹೊರಟಿತು, ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಆ ಪತ್ರ ಬಂದಿದ್ದರೂ ಅದರ ಹಿಂದೆ ಯಾವ ಹಡಗೂ ಬರುತ್ತಿರಲಿಲ್ಲ. ತಪ್ಪಿಸಿಕೊಳ್ಳಲಾಗದವನೊಬ್ಬ ದಾರಿ ಕಾಣದವನೊಬ್ಬನಿಗೆ ಬರೆದ ಆಶ್ವಾಸನೆ ಅದು.

ಹಾಗಾದರೆ ಟಿಪ್ಪುವಿಗೆ ನಿಜ ತಿಳಿಯಲೇ ಇಲ್ಲವೆ? ತಿಳಿಯಿತು, ಅದೇ ಸೋಜಿಗ. 1798ರ ನವೆಂಬರ್ ಮೊದಲ ವಾರದಲ್ಲಿ ಅಬೂಕಿರಿನ ಸುದ್ದಿಯನ್ನು ಅವನಿಗೆ ಬರೆದು ತಿಳಿಸಿದವನು ಗವರ್ನರ್ ಜನರಲ್ ವೆಲ್ಲೆಸ್ಲಿ. ಸುದ್ದಿ ಪೂರ್ತಿ ನಿಜ, ಹೇಳಿದವನು ವೈರಿ. ಟಿಪ್ಪು ಸೌಜನ್ಯದ ಉತ್ತರವನ್ನೂ ಬರೆದ. ಆದರೂ ಮುಂದಿನ ಫೆಬ್ರವರಿಯಲ್ಲಿ ಅವನ ರಾಯಭಾರಿಯಾಗಿ ದ್ಯುಬುಕ್ ಎಂಬ ಫ್ರೆಂಚನು ಡೇನರ ತರಂಗಂಬಾಡಿಯಿಂದ ಫ್ರಾನ್ಸಿಗೆ ಹಡಗೇರಿದ. ಅದಕ್ಕೂ ಮೊದಲು, 1797ರಲ್ಲಿ, ಮುರುಕು ಹಡಗಿನೊಂದಿಗೆ ಮಂಗಳೂರಿಗೆ ಬಂದ ರಿಪೋ ಎಂಬ ಕಡಲುಗಳ್ಳ ‘ಮಾರಿಷಸ್ಸಿನಲ್ಲಿ ಸಾವಿರಾರು ಫ್ರೆಂಚ್ ಸೈನಿಕರು ನಿಮಗಾಗಿ ಸಿದ್ಧರಾಗಿದ್ದಾರೆ’ ಎಂದಾಗ, ಇವನು ನಂಬತಕ್ಕವನಲ್ಲವೆಂದು ಆಸ್ಥಾನದಲ್ಲೇ ಕೆಲವರು ಎಚ್ಚರಿಸಿದ್ದರು. ಮಾರಿಷಸ್ಸಿಗೆ ಹೋದ ಟಿಪ್ಪುವಿನ ದೂತರ ಜೊತೆ 1798ರ ಏಪ್ರಿಲಿನಲ್ಲಿ ಮಂಗಳೂರಿನಲ್ಲಿ ಇಳಿದವರು ಸುಮಾರು ನೂರು ಜನ. ಆದರೆ ಮಾರಿಷಸ್ಸಿನ ಗವರ್ನರ್ ಮಲಾರ್ತಿಕ್ ಡಂಗುರ ಸಾರಿದಂತೆ ಹೊರಡಿಸಿದ ಪ್ರಕಟಣೆ ಕಲ್ಕತ್ತೆಯ ಪತ್ರಿಕೆಯಲ್ಲಿ ಅಚ್ಚಾಗಿ, ವೆಲ್ಲೆಸ್ಲಿಯ ಯುದ್ಧಕ್ಕೆ ನೆಪವಾಯಿತು. ಗೆಳೆಯನೆಂದುಕೊಂಡು ಬಂದವನ ಸುಳ್ಳು ಒಳಗೆ ಬಂತು. ವೈರಿಯ ನಿಜ ಬಾಗಿಲಲ್ಲೇ ನಿಂತಿತು.

ದಿಗ್ಬಂಧನ ಅನ್ನವನ್ನು, ಮದ್ದುಗುಂಡನ್ನು ತಡೆಯುತ್ತದೆ ಎಂದು ನಾವು ಓದುತ್ತೇವೆ. ಅದು ಮಾಡುವ ಇನ್ನೊಂದು ಕೆಲಸ ಇದಕ್ಕಿಂತ ಸೂಕ್ಷ್ಮವಾದದ್ದು. ಒಳಗಿರುವವನ ಆಸೆಯನ್ನು ಅದು ಪರೀಕ್ಷೆಯಿಂದ ತಪ್ಪಿಸುತ್ತದೆ. ಬರಬಹುದಾದವರು ಬಾರದೆ ಹೋದಾಗ, ಬರಲು ಮನಸ್ಸಿರಲಿಲ್ಲವೋ ದಾರಿ ಇರಲಿಲ್ಲವೋ ಎಂದು ತಿಳಿಯುವ ಉಪಾಯವೇ ಇರುವುದಿಲ್ಲ. ಉಳಿಯುವ ಒಂದೇ ಸಾಕ್ಷಿ ಬೇಲಿಯ ಆಚೆ ಕೂತವನದು. ಅವನ ಮಾತನ್ನು ಹೇಗೆ ನಂಬುವುದು? ಹೀಗೆ, ಮುರಿದು ಹೋಗಬೇಕಿದ್ದ ಎಷ್ಟೋ ಆಸೆಗಳು ಮುಟ್ಟುವವರಿಲ್ಲದೆ ಗಟ್ಟಿಯಾಗಿ ಉಳಿದುಬಿಡುತ್ತವೆ.

ನನ್ನ ಪಾಲಿನ ವೆಲ್ಲೆಸ್ಲಿ ನಮ್ಮ ಸೋದರಮಾವ. ಪಾಲಿನ ಜಗಳದಲ್ಲಿ ಅವರು ಅಣ್ಣನ ಪಕ್ಷ. ಗಲ್ಲಿ ಮುಚ್ಚಿದ್ದಾಗ ಒಂದು ಸಂಜೆ ಫೋನ್ ಮಾಡಿ ಕ್ಷೇಮ ವಿಚಾರಿಸಿದವರು, ಕೊನೆಗೆ, ‘ನೋಡಪ್ಪಾ, ನೀನು ಅವನು ಬರ್ತಾನೆ ಅಂತ ಕಾಯ್ಬೇಡ. ಅವನಿಗೆ ಬಾಡಿಗೆದಾರರ ತಾಪತ್ರಯವೇ ತಲೆ ತುಂಬ ಇದೆ. ನಿನ್ನ ಮೇಲೆ ಸಿಟ್ಟೂ ಇಲ್ಲ, ನಿನ್ನ ನೆನಪೂ ಇಲ್ಲ’ ಎಂದರು. ಇಷ್ಟು ನಿಖರವಾಗಿ ನಿಜ ಹೇಳುವವರು ಸಿಗುವುದು ಅಪರೂಪ. ನಾನು ಮಾತ್ರ ‘ಆ ಕಡೆಯವರು, ಹಾಗೆಯೇ ಹೇಳುತ್ತಾರೆ’ ಎಂದುಕೊಂಡೆ. ಸಿಟ್ಟಾದರೂ ಇದೆಯೆಂದಿದ್ದರೆ ನಂಬುತ್ತಿದ್ದೆನೇನೋ. ನೆನಪಿಲ್ಲವೆಂಬುದನ್ನು ನಂಬಲು ಮನಸ್ಸು ಒಪ್ಪಲಿಲ್ಲ.

ಆಮೇಲೆ ನಾನೂ ಒಂದೆರಡು ದೋಣಿ ದಾಳಿ ನಡೆಸಿದೆ. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಅಪ್ಪನ ಹಳೆಯ ಫೋಟೋ ಹಾಕಿದೆ. ರಕ್ತಸಂಬಂಧದ ಹಿರಿಮೆಯನ್ನು ಸಾರುವ, ಯಾರು ಬರೆದರೋ ಯಾರಿಗೂ ಗೊತ್ತಿಲ್ಲದ ಒಂದು ಸಂದೇಶವನ್ನು ಮುಂದಕ್ಕೆ ಕಳಿಸಿದೆ. ಅತ್ತಿಗೆ ಕೈಮುಗಿಯುವ ಚಿತ್ರ ಕಳಿಸಿದರು. ಕಮಾರೆ ಕೊಲ್ಲಿಯವರಿಗೆ ಒಂದು ನೌಕೆಯಾದರೂ ಸಿಕ್ಕಿತ್ತು.

ಕೊನೆಗೊಂದು ದಿನ ತಗಡು ಬಿಚ್ಚಿದರು. ಗಲ್ಲಿಯ ಮಕ್ಕಳು ಕೂಗಾಡಿದರು, ಕಾನ್‌ಸ್ಟೇಬಲ್ ಕುರ್ಚಿ ಎತ್ತಿಕೊಂಡು ಹೋದರು. ನನ್ನೊಳಗೆ ಅಂದು ಎದ್ದದ್ದು ಸಂತೋಷವೆಂದು ಹೇಳಲಾರೆ. ಎಲ್ಲರೂ ಹೊರಗೆ ಓಡಾಡುತ್ತಿದ್ದಾಗ ನನಗೆ ಏನನ್ನೋ ಕಳೆದುಕೊಂಡಂತೆ ಆಗಿತ್ತು. ದಿನ ಕಳೆದವು, ಅಣ್ಣ ಬರಲಿಲ್ಲ. ತಗಡು ಇದ್ದಷ್ಟು ಕಾಲ ಅವನು ಬಾರದಿರುವುದು ತಗಡಿನ ಕೆಲಸವಾಗಿತ್ತು. ಈಗ ಅದು ಅವನದೇ ಕೆಲಸವಾಯಿತು.

ಇಷ್ಟಕ್ಕೆ ನಿಲ್ಲಿಸಿ, ‘ಆದ್ದರಿಂದ ಭ್ರಮೆ ಬಿಡಬೇಕು, ನಿಜವನ್ನು ಯಾರು ಹೇಳಿದರೂ ಒಪ್ಪಬೇಕು’ ಎಂದುಬಿಡಬಹುದು. ಆದರೆ ನೆಪೋಲಿಯನ್ನನ ಕತೆಯ ಉಳಿದ ಭಾಗ ನನ್ನನ್ನು ತಡೆಯುತ್ತದೆ. ಅದೇ 1799ರ ಆಗಸ್ಟಿನಲ್ಲಿ, ಈಜಿಪ್ಟಿನ ಕಡಲನ್ನು ಮುಚ್ಚಿದ್ದ ಸಿಡ್ನಿ ಸ್ಮಿತ್ ಎಂಬ ಇಂಗ್ಲಿಷ್ ಕಮೊಡೋರ್ ಫ್ರೆಂಚರ ದೂತನ ಕೈಯಲ್ಲಿ ಯುರೋಪಿನ ಪತ್ರಿಕೆಗಳ ಒಂದು ಕಟ್ಟು ಕೊಟ್ಟುಕಳಿಸಿದ. ಫ್ರಾನ್ಸ್ ಎಲ್ಲೆಡೆ ಸೋಲುತ್ತಿದೆಯೆಂದು ನೆಪೋಲಿಯನ್ನನಿಗೆ ತಿಳಿದದ್ದು ಅದರಿಂದ. ಇವನಿಗೂ ನಿಜ ಬಂದದ್ದು ವೈರಿಯ ಕೈಯಿಂದಲೇ. ಇವನು ನಂಬಿದ, ನಂಬಿ, ಕೆಲವೇ ದಿನಗಳಲ್ಲಿ, ಎರಡು ನೌಕೆಗಳಲ್ಲಿ ತನ್ನ ಆಪ್ತರನ್ನು ಹತ್ತಿಸಿಕೊಂಡು, ಕಾವಲಿನ ಕಣ್ಣು ತಪ್ಪಿಸಿ ಹೊರಟುಹೋದ. ತನ್ನನ್ನು ನಂಬಿ ಬಂದ ಸೈನ್ಯವನ್ನು ಕ್ಲೇಬರ್ ಎಂಬ ಸೇನಾಪತಿಯ ತಲೆಗೆ ಕಟ್ಟಿದ. ಕ್ಲೇಬರನಿಗೆ ಅದು ತಿಳಿದದ್ದು ಅವನು ಹೋದ ಮೇಲೆ, ಪತ್ರದಿಂದ. ನಿಜವನ್ನು ಒಪ್ಪಿದವನು ಬದುಕಿ ಚಕ್ರವರ್ತಿಯಾದ. ಒಪ್ಪದವನು ಕೋಟೆಯ ಬಾಗಿಲಲ್ಲಿ ಕತ್ತಿ ಹಿಡಿದು ಸತ್ತ. ಇಬ್ಬರಲ್ಲಿ ಯಾರು ಚೆನ್ನಾಗಿ ಬಾಳಿದರು ಎಂದು ಕೇಳಿದರೆ ನನ್ನ ನಾಲಿಗೆ ತಡವರಿಸುತ್ತದೆ. ನಿಜವನ್ನು ಅರಿಯುವುದು ಬುದ್ಧಿಯ ಕೆಲಸ. ಅರಿತ ಮೇಲೆ ಯಾರನ್ನು ಬಿಟ್ಟು ಹೊರಟೆವು, ಯಾರ ಕಡೆಗೆ ಹೊರಟೆವು ಎಂಬುದು ಬೇರೆಯೇ ಲೆಕ್ಕ.

ಮೂರನೆಯದೊಂದು ದಾರಿಯೂ ಇತ್ತು. ಅದನ್ನು ಟಿಪ್ಪು ಬಹಳ ಹಿಂದೆಯೇ ಕಣ್ಣಾರೆ ಕಂಡಿದ್ದ. 1783ರಲ್ಲಿ ಮಂಗಳೂರು ಕೋಟೆಯೊಳಗೆ ಇಂಗ್ಲಿಷರು, ಹೊರಗೆ ಟಿಪ್ಪು. ಒಳಗೆ ಕರ್ನಲ್ ಕ್ಯಾಂಪ್‌ಬೆಲ್ಲನ ಜನ ಹಸಿವಿನಿಂದ, ರೋಗದಿಂದ ಸಾಯುತ್ತಿದ್ದರು. ಆಗ ಜನರಲ್ ಮೆಕ್ಲೌಡನ ಹಡಗುಗಳು ಬಂದರಿನ ಮುಂದೆ ಕಾಣಿಸಿಕೊಂಡವು. ಕೋಟೆಯವರು ಅವನ್ನು ಗೋಡೆಯ ಮೇಲಿಂದ ನೋಡಿದರು. ಕದನವಿರಾಮ ಇದ್ದದ್ದರಿಂದ ಹಡಗುಗಳು ಹೋರಾಡಲಿಲ್ಲ; ಬಂದವು, ಹೋದವು, ಮತ್ತೆ ಬಂದು ಒಂದಿಷ್ಟು ದವಸ ಇಳಿಸಿ ಹೋದವು. ಆ ಹಡಗುಗಳು ತಮ್ಮನ್ನು ಬಿಡಿಸಲು ಬಂದವಲ್ಲ ಎಂಬುದರಲ್ಲಿ ಕೋಟೆಯವರಿಗೆ ಇನ್ನು ಅನುಮಾನ ಉಳಿಯಲಿಲ್ಲ. 1784ರ ಜನವರಿ 30ರಂದು ಕ್ಯಾಂಪ್‌ಬೆಲ್ ಗೌರವದ ಷರತ್ತುಗಳೊಡನೆ ಕೋಟೆ ಒಪ್ಪಿಸಿದ. ಬದುಕಿ ಉಳಿದವರು ಹೊರಗೆ ನಡೆದುಬಂದರು. ಮಾರ್ಚ್ 11ರಂದು ಅದೇ ಮಂಗಳೂರಿನಲ್ಲಿ ಒಪ್ಪಂದವಾಯಿತು. ಕ್ಯಾಂಪ್‌ಬೆಲ್ ಕೆಲವೇ ವಾರಗಳಲ್ಲಿ ಸತ್ತನೆಂಬುದನ್ನೂ ಮರೆಯಬಾರದು; ಆಸೆ ಮುರಿದದ್ದು ಪುಕ್ಕಟೆಯಾಗಿ ಅಲ್ಲ. ಆದರೆ ಹಡಗು ಬಂದು ತಿರುಗಿ ಹೋದದ್ದನ್ನು ಕಂಡವರಿಗೆ ಎದುರಿರುವವನೊಡನೆ ಮಾತಿಗೆ ಕೂರುವುದು ಸಾಧ್ಯವಾಯಿತು. ಕಾಣದವರಿಗೆ ಅದು ಸಾಧ್ಯವಾಗಲಿಲ್ಲ.

ಸಂಜೆ ಹಲಸೂರು ಕೆರೆಯ ದಂಡೆಯಲ್ಲಿ ನಡೆಯುವಾಗ ಇದೆಲ್ಲ ತಲೆಯಲ್ಲಿ ಸುತ್ತುತ್ತದೆ. ನಮ್ಮ ದಂಡು ಪ್ರದೇಶವೇ ಆ ಕಾಲದ ಕೂಸು: ಶ್ರೀರಂಗಪಟ್ಟಣದ ಮಲೇರಿಯಾಕ್ಕೆ ಹೆದರಿ 1809ರಲ್ಲಿ ಸೈನ್ಯವನ್ನು ಇಲ್ಲಿಗೆ ತಂದಾಗ ಹುಟ್ಟಿದ್ದು. ಕೆರೆಯ ಪಕ್ಕದಲ್ಲಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್, ನಮ್ಮೆಲ್ಲರ ಬಾಯಲ್ಲಿ ಎಂಇಜಿ. ಅದರ ಯುದ್ಧಗೌರವಗಳ ಸಾಲಿನಲ್ಲಿ ‘ಶ್ರೀರಂಗಪಟ್ಟಣ’ದ ಜೊತೆಗೆ ಸ್ಫಿಂಕ್ಸ್ ಚಿಹ್ನೆಯುಳ್ಳ ‘ಈಜಿಪ್ಟ್’ ಕೂಡ ಇದೆ. ಹೈದರನ ಕಾಲದಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲಿ ಕೊಳೆತು, 1799ರಲ್ಲಿ ಅದೇ ಕೋಟೆಗೆ ಲಗ್ಗೆ ಹಾಕಿದ ಬೇರ್ಡ್ ಎಂಬ ಸೇನಾಧಿಕಾರಿ, 1801ರಲ್ಲಿ ಭಾರತದ ಸೈನ್ಯವನ್ನು ಕೆಂಪು ಸಮುದ್ರದ ದಾರಿಯಲ್ಲಿ ಕೊಸೈರಿಗೆ ಕೊಂಡೊಯ್ದು, ಮರುಭೂಮಿ ದಾಟಿಸಿ ನೈಲ್ ಮುಟ್ಟಿಸಿದ. ಆ ಪಡೆಯಲ್ಲಿ ಎಂಇಜಿಯ ಪೂರ್ವಿಕರಾದ ಮದ್ರಾಸ್ ಪಯೊನೀರುಗಳೂ ಇದ್ದರು. ಟಿಪ್ಪುವಿಗೆಂದು ಹೊರಟ ಒಂದು ಕಾಗದಕ್ಕೆ ದಾಟಲಾಗದ ಸಮುದ್ರವನ್ನು, ಎರಡೂವರೆ ವರ್ಷ ಕಳೆಯುವಷ್ಟರಲ್ಲಿ, ಗುದ್ದಲಿ ಹೊತ್ತ ಜನ ಎದುರು ದಿಕ್ಕಿನಿಂದ ದಾಟಿದರು. ದಾರಿ ಯಾವಾಗಲೂ ಅಲ್ಲೇ ಇತ್ತು.

2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಗೂ ಕೆ.ಆರ್. ಪುರಕ್ಕೂ ನಡುವೆ ಬಾಕಿ ಉಳಿದಿದ್ದ ಮೆಟ್ರೋ ಹಳಿಯೂ ಕೂಡಿಕೊಂಡಿತು. ಹಲಸೂರಿನಲ್ಲಿ ಹತ್ತಿದರೆ ಇಳಿಯುವುದು ಅಣ್ಣನ ಊರಿನಲ್ಲೇ. ನಡುವೆ ಬದಲಿಸುವ ಕಷ್ಟವೂ ಇಲ್ಲ. ದಾರಿಯ ಮೇಲೆ ಹೊರಿಸಲು ಇನ್ನು ಯಾವ ತಪ್ಪೂ ಉಳಿಯಲಿಲ್ಲ. ಅವನು ಬರುತ್ತಾನೆಯೇ ಎಂಬ ಪ್ರಶ್ನೆಯನ್ನು ಅಷ್ಟು ವರ್ಷ ಇಟ್ಟುಕೊಂಡಿದ್ದವನಿಗೆ, ಹಡಗು ನಾನೂ ಬಿಡಬಹುದಲ್ಲ ಎಂಬುದು ಹೊಳೆಯಲು ಒಂದು ರೈಲು ಬೇಕಾಯಿತು. ಹಾಗೆ ಹೊಳೆದ ಮೇಲೂ ಕೆಲವು ಭಾನುವಾರಗಳು ಸುಮ್ಮನೆ ಕಳೆದವು. ಹೋದರೆ, ನಾನು ಗಲ್ಲಿಯಲ್ಲಿ ಕೂತು ಕಟ್ಟಿಕೊಂಡಿದ್ದ ಅಣ್ಣ ಅಲ್ಲಿರುವುದಿಲ್ಲವೆಂದು ಗೊತ್ತಿತ್ತು.

ಇರಲೂ ಇಲ್ಲ. ಬಾಗಿಲು ತೆರೆದವನು ದಪ್ಪಗಾಗಿದ್ದ, ಕನ್ನಡಕ ಬದಲಾಗಿತ್ತು. ‘ಏನೋ, ಮೆಟ್ರೋದಲ್ಲಿ ಬಂದ್ಯಾ?’ ಎಂದ. ಅತ್ತಿಗೆ ಕಾಫಿ ತರುವಷ್ಟರಲ್ಲಿ ನಾವು ಮನೆಯ ಖಾತೆಯ ಮಾತಿಗೆ ಬಂದಿದ್ದೆವು. ಕಾಫಿ ಮುಗಿಯುವಷ್ಟರಲ್ಲಿ ದನಿ ಏರಿತ್ತು. ಗಲ್ಲಿ ಮುಚ್ಚಿದ್ದಾಗ ನನ್ನನ್ನು ನೋಡಲು ಬರಬೇಕೆಂದು ಅವನಿಗೆ ಅನಿಸಿತ್ತೇ ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಎದುರಿಗೆ ಕೂತು ಬಯ್ಯುತ್ತಿರುವವನ ಮುಂದೆ ಆ ಪ್ರಶ್ನೆ ಚಿಕ್ಕದಾಗಿ ಕಂಡಿತು. ಹೊರಡುವಾಗ ಅವನು ಚಪ್ಪಲಿ ಮೆಟ್ಟಿ ಗೇಟಿನ ತನಕ ಬಂದು, ‘ಅಪ್ಪ ಕಟ್ಟಿದ ಕಂದಾಯದ ರಸೀದಿ ಎಲ್ಲ ನಿನ್ನ ಹತ್ರಾನೇ ಇರ್ಬೇಕು. ಮುಂದಿನ ಸಲ ತಗೊಂಡ್ಬಾ, ಕೂತು ನೋಡೋಣ’ ಎಂದ.

ರಸೀದಿಗಳನ್ನು ಹುಡುಕುತ್ತಿದ್ದೇನೆ. ಅಟ್ಟದ ಮೇಲಿನ ಟ್ರಂಕಿನಲ್ಲಿ 1987ರವರೆಗಿನವು ಸಿಕ್ಕಿವೆ. ಅದಕ್ಕೆ ಈಚಿನವು ಎಲ್ಲಿವೆಯೋ ಸೋದರಮಾವನನ್ನು ಕೇಳಬೇಕು.